ಹಿತ್ತಿಲಲ್ಲಿ ಮೂಡಿದ ಹೆಸರು

ಜಪಾನಿನ ನೋಮಿ ಎಂಬ ಊರಿನ ಆ ಮನೆಯಲ್ಲಿ ಇದ್ದವರು ನಾವು ಮೂವರೇ ಎಂದು ಅಪ್ಪ ಈಗಲೂ ವಾದಿಸುತ್ತಾನೆ. ಅಮ್ಮನೂ ನಾನೂ ಅದನ್ನು ಒಪ್ಪುವುದಿಲ್ಲ. ಗುಡ್ಡದ ಮೇಲಿನ ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಅಪ್ಪನಿಗೆ ಕೆಲಸ. ಅಲ್ಲಿನ ಉಳಿದ ಭಾರತೀಯರೆಲ್ಲ ಕ್ಯಾಂಪಸ್ಸಿನ ಫ್ಲ್ಯಾಟುಗಳಲ್ಲಿ ಬೆಚ್ಚಗೆ ಒತ್ತೊತ್ತಾಗಿದ್ದರೆ ನಾವು ಮಾತ್ರ ಊರೊಳಗೆ ಒಂದು ಹಳೆಯ ಮರದ ಮನೆ ಹಿಡಿದಿದ್ದೆವು. ಅದಕ್ಕೆ ಕಾರಣ ಅಮ್ಮನ ಹಟ. ಮೈಸೂರಿನಲ್ಲಿ ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿ ಬೆಳೆದ ಅಮ್ಮನಿಗೆ ಹಿತ್ತಿಲೆಂದರೆ ಪ್ರಾಣ. ಮನೆ ನೋಡಲು ಹೋದ ದಿನ ಅವಳು ಅಡುಗೆಮನೆ, ಬಚ್ಚಲು ಒಂದನ್ನೂ ನೋಡದೆ ನೇರವಾಗಿ ಹಿಂದಿನ ಗಾಜಿನ ಬಾಗಿಲು ಸರಿಸಿ ಅಲ್ಲೇ ನಿಂತುಬಿಟ್ಟಳಂತೆ. ಆ ಬಾಗಿಲಿಗೆ ಸೇರಿದ ಚಾಪೆಯ ಕೋಣೆಯೇ ನಮ್ಮ ದೇವರ ಕೋಣೆಯೂ ಆಯಿತು, ನಾನು ಮಲಗುವ ಕೋಣೆಯೂ ಆಯಿತು. ಹಾಸಿಗೆ ಇಡುವ ಗೋಡೆ ಕಪಾಟಿನ ಮೇಲಿನ ಅಂಕಣದಲ್ಲಿ ದೇವರು, ಕೆಳಗಿನದರಲ್ಲಿ ನಮ್ಮ ರಜಾಯಿಗಳು. ಬೆಳಿಗ್ಗೆ ಕಣ್ಣು ಬಿಟ್ಟರೆ ಒಂದು ಕಡೆ ಗಣಪತಿ, ಇನ್ನೊಂದು ಕಡೆ ಹಿತ್ತಿಲು. ಹಿತ್ತಿಲಿನಾಚೆ ಮನೆಯ ಒಡತಿ ನಿಶಿದೆ-ಸಾನ್ ಅವರ ಎರಡಂತಸ್ತಿನ ಪುಟ್ಟ ಮನೆ. ಗಂಡ ಸತ್ತ ಮೇಲೆ ದೊಡ್ಡ ಮನೆಯನ್ನು ಬಾಡಿಗೆಗೆ ಕೊಟ್ಟು ಆಕೆ ಅಲ್ಲಿ ಒಬ್ಬರೇ ಇದ್ದರು.

ನಾವು ಆ ಮನೆಗೆ ಬಂದ ಮೊದಲ ವಸಂತದಲ್ಲಿಯೇ ಶಾಲೆಗಳನ್ನು ಮುಚ್ಚಿದರು. ಜಪಾನಿನಲ್ಲೇ ಬೆಳೆದ ನನಗೆ ಆಗ ಎಂಟು ತುಂಬಿರಲಿಲ್ಲ. ಅಪ್ಪ ಮುಂದಿನ ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ದಿನವಿಡೀ ‘ಹಾಯ್, ಹಾಯ್’, ಅಂದರೆ ಜಪಾನಿಯಲ್ಲಿ ಹೌದು ಹೌದು, ಎಂದು ತಲೆಯಾಡಿಸುತ್ತಿದ್ದ. ಅಮ್ಮ ಮೈಸೂರಿಗೆ ಫೋನ್ ಮಾಡಿ ಯಾರು ಆಸ್ಪತ್ರೆಗೆ ಹೋದರು, ಯಾರು ಮರಳಿ ಬಂದರು ಎಂದು ಕೇಳಿಕೊಂಡು, ಆಮೇಲೆ ಪಾತ್ರೆಗಳನ್ನು ಅಗತ್ಯಕ್ಕಿಂತ ಹೆಚ್ಚು ತಿಕ್ಕುತ್ತಿದ್ದಳು. ಹೀಗಿರುವಾಗ ಒಂದು ಬೆಳಿಗ್ಗೆ ಹಿತ್ತಿಲ ನಡುವೆ ನೀಲಿ ಹೂಗಳು ಎದ್ದು ನಿಂತಿದ್ದವು. ನಾವು ಯಾರೂ ನೆಟ್ಟಿರಲಿಲ್ಲ, ನೀರು ಹಾಕಿರಲಿಲ್ಲ. ಗೇಣುದ್ದದ ದಂಟು, ಅದರ ತುದಿಗೆ ಸಣ್ಣ ಸಣ್ಣ ನೀಲಿ ಮಣಿಗಳ ಗೊಂಚಲು. ಅಪ್ಪ ಫೋನಿನಲ್ಲಿ ಹುಡುಕಿ ಇದರ ಹೆಸರು ಮುಸ್ಕಾರಿ, ಗೆಡ್ಡೆಯಿಂದ ಬರುವ ಹೂವು ಎಂದ. ಅಮ್ಮನಿಗೆ ಹೆಸರು ಬೇಕಿರಲಿಲ್ಲ. ದೇವರಿಗೆ ನೀಲಿ ಹೂವು ಸಿಕ್ಕಿತಲ್ಲ ಎಂಬ ಸಂಭ್ರಮದಲ್ಲಿ ಅವಳು ದಿನಾ ಬೆಳಿಗ್ಗೆ ಸ್ನಾನ ಮಾಡಿ, ತಟ್ಟೆ ಹಿಡಿದು, ಕುಕ್ಕರುಗಾಲಿನಲ್ಲಿ ಸರಿಯುತ್ತಾ ಒಂದೊಂದು ಹಿಂಡಿನಿಂದ ಒಂದೊಂದೇ ಹೂ ಕೀಳುತ್ತಿದ್ದಳು. ಗಿಡ ಬೋಳಾಗಬಾರದು ಎಂಬುದು ಅವಳ ನೇಮ. ಅದೇ ಹೊತ್ತಿಗೆ ನಿಶಿದೆ-ಸಾನ್ ಮೇಲಿನ ಕಿಟಕಿಗೆ ಬಂದು ನಿಲ್ಲುತ್ತಿದ್ದರು. ಕೈ ಬೀಸುತ್ತಿರಲಿಲ್ಲ, ನಗುತ್ತಿರಲಿಲ್ಲ. ಬಾಯಿಗೆ ಕರವಸ್ತ್ರ ಹಿಡಿದು ಕೆಳಗೆ ನೋಡುತ್ತಿದ್ದರು.

“ನೋಡೇ, ಮತ್ತೆ ನಿಂತಿದಾರೆ,” ಎಂದು ಅಮ್ಮ ತಲೆ ಎತ್ತದೆ ಹೇಳುತ್ತಿದ್ದಳು. “ನಾವು ಫಾರಿನರ್ಸ್ ಅಲ್ವಾ, ಕೊರೋನಾ ತಂದುಬಿಡ್ತೀವಿ ಅಂತ ಭಯ ಅವರಿಗೆ.”

“ಸುಮ್ನೆ ಏನೇನೋ ಇಮ್ಯಾಜಿನ್ ಮಾಡ್ಕೋಬೇಡ,” ಎಂದು ಒಳಗಿನಿಂದ ಅಪ್ಪ. “ವಯಸ್ಸಾದವರು, ಹೊರಗೆ ಹೋಗೋ ಹಾಗಿಲ್ಲ, ಕಿಟಕೀಲಿ ನಿಂತ್ಕೋತಾರೆ ಅಷ್ಟೆ.”

ನನಗೆ ಕಿಟಕಿಯ ಭಯವಿರಲಿಲ್ಲ. ನನಗಿದ್ದದ್ದು ಹಿತ್ತಿಲಿನ ಭಯ. ಮಧ್ಯಾಹ್ನ ಊಟವಾಗಿ ಚಾಪೆಯ ಮೇಲೆ ಮಲಗಿದರೆ, ಗಾಜಿನಾಚೆ ಯಾರೋ ನನ್ನಷ್ಟೇ ಎತ್ತರದವರು ಕೂತು ಮಣ್ಣು ಕೆದಕುತ್ತಿದ್ದಾರೆ ಎನಿಸುತ್ತಿತ್ತು. ಎದ್ದು ನೋಡಿದರೆ ಹೂಗಳು ಬಿಟ್ಟು ಬೇರೇನೂ ಇರುತ್ತಿರಲಿಲ್ಲ. ಇದನ್ನು ಅಮ್ಮನಿಗೆ ಜಪಾನಿಯಲ್ಲಿ ಹೇಳಿದೆ. ಆ ದಿನಗಳಲ್ಲಿ ಅವಳು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ನಾನು ಜಪಾನಿಯಲ್ಲೇ ಉತ್ತರಿಸುತ್ತಿದ್ದೆ, ಅದು ಅವಳಿಗೆ ಅರ್ಧವೇ ತಿಳಿಯುತ್ತಿತ್ತು. ಆದರೂ ಅವಳು ಬಾಗಿಲಿನ ಪರದೆ ಎಳೆದು, ನನ್ನ ಹಣೆಗೆ ವಿಭೂತಿ ಹಚ್ಚಿದಳು. ಅಪ್ಪ ನಕ್ಕ. ಅಮ್ಮ ನಗಲಿಲ್ಲ, ಏಕೆಂದರೆ ಅವಳಿಗೂ ಹಾಗೆಯೇ ಅನಿಸಿತ್ತು ಎಂದು ಆಮೇಲೆ ಹೇಳಿದಳು.

ಹೂವು ಹೋಯಿತು, ಎಲೆ ಹಳದಿಯಾಗಿ ನೆಲಕ್ಕೆ ಒರಗಿತು, ಬೇಸಿಗೆಯ ಹೊತ್ತಿಗೆ ಅದೂ ಮಾಯವಾಗಿ ಹಿತ್ತಿಲು ಬರಿಯ ಮಣ್ಣಾಯಿತು. ನಮ್ಮ ಕಡೆಯ ಸಾಮಾನು ತರಿಸುತ್ತಿದ್ದ ಅಂಗಡಿಯಿಂದ ಪಾರ್ಸಲ್ ಬರುವುದು ನಿಂತಿತ್ತು. ಸೊಪ್ಪಿಲ್ಲದೆ ಅಮ್ಮ ಕಂಗಾಲಾಗಿದ್ದಳು. ಡಬ್ಬಿಯಲ್ಲಿದ್ದ ಮೆಂತ್ಯದ ಕಾಳನ್ನೇ ಬಿತ್ತುತ್ತೇನೆಂದು ಒಂದು ದಿನ ಸೆರಗು ಕಟ್ಟಿ ಹಿತ್ತಿಲ ನಡುವಿನ ಮಣ್ಣನ್ನು ಅಗೆಯಲು ಕೂತಳು. ನಾಲ್ಕು ಗುದ್ದಿಗೆ ಗೆಡ್ಡೆಗಳು ಸಿಕ್ಕವು, ಕಂದು ಸಿಪ್ಪೆಯವು, ಬೆರಳ ತುದಿಯಷ್ಟು ದಪ್ಪ.

“ರೀ, ಸಾಂಬಾರ್ ಈರುಳ್ಳಿ! ಬನ್ನಿ ಇಲ್ಲಿ, ನಮ್ಮ ಹಿತ್ತಿಲಲ್ಲೇ ಸಾಂಬಾರ್ ಈರುಳ್ಳಿ!”

ಅಪ್ಪ ಮೀಟಿಂಗ್ ಬಿಟ್ಟು ಓಡಿ ಬಂದ. ಮೂಸಿ ನೋಡಿದ. ಈರುಳ್ಳಿಯ ವಾಸನೆಯೇ ಇರಲಿಲ್ಲ.

“ಲೇ, ಇದು ಆ ನೀಲಿ ಹೂವಿನ ಗೆಡ್ಡೆ ಕಣೆ. ಹುಳಿಗೆ ಹಾಕಿ ನಮ್ಮನ್ನೆಲ್ಲ ಮುಗಿಸಿಬಿಡ್ತಿದ್ದೆ.”

ಅಮ್ಮ ಅವುಗಳನ್ನು ಎಸೆಯಲಿಲ್ಲ. ಒಳಗೆ ಜೀವ ಇರುತ್ತದೆ, ಹೇಗೆ ಎಸೆಯುವುದು ಎಂದು ಬೆಳ್ಳುಳ್ಳಿಯ ಬಲೆಚೀಲದಲ್ಲಿ ತುಂಬಿ, ಮನೆಯ ಇನ್ನೊಂದು ಪಕ್ಕದ ಸೂರಿನ ಕೆಳಗೆ ನೇತುಹಾಕಿದಳು. ಬೇಸಿಗೆಯಲ್ಲಿ ಅಂಥ ಗೆಡ್ಡೆಗಳನ್ನು ಕಾಪಾಡುವ ರೀತಿಯೇ ಅದು ಎಂಬುದು ಅವಳಿಗೆ ಗೊತ್ತಿರಲಿಲ್ಲ. ಮೆಂತ್ಯ ಸೊಗಸಾಗಿ ಬಂತು. ಒಂದು ಬೆಳೆ ಕೊಯ್ದು ಇನ್ನೊಂದು ಹಾಕಿದಳು. ಆ ಸೊಪ್ಪಿನ ಮೇಲೆ ನಮ್ಮ ಮನೆಯ ಮಾತು ಮರಳಿ ಹುಟ್ಟಿತು ಎನ್ನಬೇಕು. ಅಪ್ಪ ಎರಡೆರಡು ಸಲ ಬಡಿಸಿಕೊಂಡು ತಿಂದ. ಕಿಟಕಿಯಲ್ಲಿ ನಿಶಿದೆ-ಸಾನ್ ನಿಲ್ಲುವುದು ನಿಂತುಹೋಗಿತ್ತು. ಕೊನೆಗೂ ನಮ್ಮನ್ನು ನಂಬಿದರು ಎಂದು ಅಮ್ಮ ಸಮಾಧಾನಪಟ್ಟುಕೊಂಡಳು.

ಎಲೆ ಕೆಂಪಾಗುವ ಕಾಲಕ್ಕೆ ಆಕೆ ಒಂದು ದಿನ ಬೇಲಿಯ ಹತ್ತಿರ ಬಂದರು. ಮಾಸ್ಕು, ತೋಟದ ಕೈಗವಸು, ಕೈಯಲ್ಲಿ ಒಂದು ಸಣ್ಣ ಸಲಿಕೆ. ‘ಸುಮಿಮಾಸೆನ್’, ಅಂದರೆ ಕ್ಷಮಿಸಿ, ಎಂದು ಎರಡು ಸಲ ಬಾಗಿ, ಹಿತ್ತಿಲನ್ನು ಒಂದು ಗಳಿಗೆ ನೋಡಬಹುದೇ ಎಂದು ನನ್ನನ್ನು ಕೇಳಿದರು. ನೋಡಿದರು. ಅವರ ಕಣ್ಣು ಮೆಂತ್ಯದ ಮಡಿಯ ಮೇಲೆ ಬಿದ್ದದ್ದು ಅಲ್ಲೇ ನಿಂತಿತು. ಆಮೇಲೆ ಸಲಿಕೆಯನ್ನು ಬೆನ್ನ ಹಿಂದೆ ಸರಿಸಿ, ‘ತುಂಬ ಚೆನ್ನಾಗಿ ಬೆಳೆದಿದೆ’ ಎಂದು ಹೊಗಳಿ, ಇನ್ನೊಮ್ಮೆ ಬಾಗಿ ಹೊರಟುಹೋದರು. ಮಾರನೆಯ ದಿನ ಬುಟ್ಟಿ ತುಂಬ ಪರ್ಸಿಮನ್ ಹಣ್ಣು ಕಳಿಸಿದರು. ಪಾತ್ರೆಯನ್ನಾಗಲಿ ಬುಟ್ಟಿಯನ್ನಾಗಲಿ ಖಾಲಿ ಹಿಂದಿರುಗಿಸುವ ಪದ್ಧತಿ ಅಮ್ಮನಲ್ಲಿ ಇಲ್ಲ. ಅದೇ ಮಡಿಯ ಸೊಪ್ಪು ಬಿಡಿಸಿ, ಹಸಿಮೆಣಸು ಕಡಿಮೆ ಹಾಕಿ, ಮೆಂತ್ಯಸೊಪ್ಪಿನ ಅಕ್ಕಿರೊಟ್ಟಿ ತಟ್ಟಿ ಬುಟ್ಟಿಯಲ್ಲಿಟ್ಟು ನನ್ನ ಕೈಯಲ್ಲಿ ಕಳಿಸಿದಳು. ನಿಶಿದೆ-ಸಾನ್ ಬಾಗಿಲಲ್ಲೇ ಒಂದು ತುಂಡು ಮುರಿದು, ಮಾಸ್ಕು ಸರಿಸಿ ತಿಂದರು. ತಿನ್ನುತ್ತಾ ಅವರ ಕಣ್ಣು ತುಂಬಿತು. ಖಾರ ಹೆಚ್ಚಾಯಿತೇನೋ ಎಂದುಕೊಂಡೆ. ಮೇಲಿನಿಂದ ನಿಮ್ಮ ಮನೆ ಹೇಗೆ ಕಾಣುತ್ತದೆ ನೋಡುತ್ತೀಯಾ ಎಂದು ಕೇಳಿ ನನ್ನನ್ನು ಮಹಡಿಗೆ ಕರೆದೊಯ್ದರು.

ಕಿಟಕಿಯ ಪಕ್ಕದ ಗೋಡೆಯ ತುಂಬ ಒಂದೇ ಹಿತ್ತಿಲಿನ ಫೋಟೋಗಳಿದ್ದವು. ನಮ್ಮ ಹಿತ್ತಿಲು, ಮೇಲಿನಿಂದ ತೆಗೆದದ್ದು. ಬಣ್ಣ ಮಾಸಿದವು ಮೇಲೆ, ಹೊಸವು ಕೆಳಗೆ. ಪ್ರತಿಯೊಂದರಲ್ಲೂ ನೀಲಿ ಹೂಗಳು, ಮತ್ತು ಕೆಳಗೆ ನಿಂತಾಗ ಬರಿಯ ಹಿಂಡುಗಳಾಗಿ ಕಂಡಿದ್ದ ಆ ಹೂಗಳು ಮೇಲಿನಿಂದ ಎರಡು ಅಕ್ಷರಗಳಾಗಿದ್ದವು. ಒಂದು, ಕೆಳಗಿಳಿದು ಬಲಕ್ಕೆ ಬಾಗುವ ಕೊಕ್ಕೆ. ಇನ್ನೊಂದು, ಸೊಟ್ಟ ಸುತ್ತು. ಒಂದನೇ ತರಗತಿಯ ಮಕ್ಕಳು ಕಲಿಯುವ ಅಕ್ಷರಗಳು. ನಾನು ಗಟ್ಟಿಯಾಗಿ ಓದಿದೆ: ಶಿನೋ.

“ಹೌದು. ಶಿನೋ ನನ್ನ ಮಗಳು,” ಎಂದರು ಅವರು. “ನಿನಗಿಂತ ಒಂದು ವರ್ಷ ಚಿಕ್ಕವಳಿದ್ದಳು. ಇದೇ ಕಾಲದಲ್ಲಿ ಜ್ವರ ಬಂದು ಹೋಗಿಬಿಟ್ಟಳು. ಚಳಿಗಾಲ ಕಳೆದ ಮೇಲೆ ನೋಡಿದರೆ ಹಿತ್ತಿಲಲ್ಲಿ ಅವಳ ಹೆಸರು. ಹೋಗುವ ಮೊದಲು ಯಾವಾಗ ನೆಟ್ಟಳೋ, ಯಾರಿಗೂ ಹೇಳಿರಲಿಲ್ಲ.”

ಹಿಂಡುಗಳು ದಟ್ಟವಾದಾಗೆಲ್ಲ ಕೆದಕಿ, ಸಾಲು ಕೆಡದಂತೆ ಮತ್ತೆ ನೆಟ್ಟು, ಆಕೆ ಆ ಹೆಸರನ್ನು ಕಾಪಾಡಿಕೊಂಡು ಬಂದಿದ್ದರು. ಮನೆ ಬಾಡಿಗೆಗೆ ಕೊಟ್ಟ ಮೇಲೆ ಒಳಗೆ ಬರಲು ಸಂಕೋಚ. ಅಮ್ಮನಿಗೆ ಇದನ್ನು ಹೇಳಬೇಡ, ನೊಂದುಕೊಳ್ಳುತ್ತಾರೆ ಎಂದು ನನ್ನನ್ನು ಬೇಡಿಕೊಂಡರು. ನಾನು ತಲೆಯಾಡಿಸಿ, ಒಂದೇ ಉಸಿರಿಗೆ ಮನೆಗೆ ಓಡಿ ಬಂದು ಎಲ್ಲವನ್ನೂ ಹೇಳಿದೆ. ಜಪಾನಿಯಲ್ಲಿ ಹೇಳಲು ಹೋದರೆ ಅಮ್ಮನಿಗೆ ತಿಳಿಯಲಿಲ್ಲ. ಆಗ ಮುರುಕು ಕನ್ನಡದಲ್ಲಿ, ಸಿಕ್ಕ ಮಾತುಗಳನ್ನೆಲ್ಲ ಸೇರಿಸಿ, ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಅಷ್ಟುದ್ದ ಕನ್ನಡ ನಾನು ಅದಕ್ಕೆ ಮುಂಚೆ ಮಾತಾಡಿರಲಿಲ್ಲ.

ಅಮ್ಮ ಒಲೆ ಆರಿಸಿ ನೆಲಕ್ಕೆ ಕೂತಳು.

“ಮಗು ಹೆಸರನ್ನ ಅಗೆದು ಮೆಂತ್ಯ ಹಾಕಿದ್ನಾ ನಾನು? ಅದೇ ಸೊಪ್ಪಲ್ಲಿ ರೊಟ್ಟಿ ಮಾಡಿ ಆ ತಾಯಿಗೆ ತಿನ್ನಿಸಿದ್ನಾ?”

“ನಿಂಗೆ ಗೊತ್ತಿರಲಿಲ್ವಲ್ಲ,” ಎಂದ ಅಪ್ಪ. “ಒಂದು ಒಳ್ಳೆ ಗಿಫ್ಟ್ ಬಾಕ್ಸ್ ತಗೊಂಡು ಹೋಗಿ ಫಾರ್ಮಲ್ ಆಗಿ ಅಪಾಲಜಿ ಕೇಳಿಬಿಡೋಣ.”

“ಬಿಸ್ಕತ್ತಿನ ಡಬ್ಬಿ ಕೊಟ್ರೆ ಅವಳು ವಾಪಸ್ ಬರ್ತಾಳಾ? ಹಿಮ ಬೀಳೋಕ್ಮುಂಚೆ ಹೆಸರು ವಾಪಸ್ ನೆಡಬೇಕು. ಆ ಚೀಲ ತಗೊಂಡ್ಬನ್ನಿ.”

ಅಪ್ಪ ಆ ಎರಡು ಅಕ್ಷರಗಳನ್ನು ದೊಡ್ಡದಾಗಿ ಪ್ರಿಂಟ್ ಮಾಡಿ, ಚೌಕ ಹಾಕಿ, ಅಳತೆಯ ಪ್ರಕಾರ ನೆಡೋಣ ಎಂದ. ಅಮ್ಮ ಆ ಕಾಗದದ ಕಡೆ ನೋಡಲೂ ಇಲ್ಲ. ಅದು ಪುಸ್ತಕದ ಅಕ್ಷರ, ಆ ಮಗು ಬರೆದದ್ದು ಬೇರೆ ಎಂದಳು. ಅವಳಿಗೆ ಜಪಾನಿ ಓದಲು ಬಾರದು. ಆದರೆ ವಸಂತ ಪೂರ್ತಿ ದಿನಾ ಬೆಳಿಗ್ಗೆ ಅದೇ ದಾರಿಯಲ್ಲಿ ಕುಕ್ಕರುಗಾಲಿನಲ್ಲಿ ಸರಿದು ಹೂ ಕಿತ್ತಿದ್ದಳಲ್ಲ, ಕೈಗೆ ಆ ದಾರಿ ನೆನಪಿತ್ತು. ಮಾರನೆಯ ಬೆಳಿಗ್ಗೆ ಮೆಂತ್ಯವನ್ನೆಲ್ಲ ಕಿತ್ತು ನೆಲ ಸಮ ಮಾಡಿ, ಅಕ್ಕಿಹಿಟ್ಟಿನ ಬಟ್ಟಲು ಹಿಡಿದು, ಹೂ ಕೀಳುವಾಗ ಕೂರುತ್ತಿದ್ದ ಹಾಗೆಯೇ ಕೂತಳು. ಒಂದು ಹೆಜ್ಜೆ ಸರಿದು, ಕೈ ಚಾಚಿ, ಚಾಚಿದಲ್ಲಿ ಹಿಟ್ಟಿನ ಒಂದು ಚುಕ್ಕಿ. ಮತ್ತೆ ಸರಿದು, ಮತ್ತೊಂದು ಚುಕ್ಕಿ. ಕೆಲವು ಕಡೆ ತಡೆದು, ಕಣ್ಣು ಮುಚ್ಚಿ, ಕೈಯನ್ನು ಗಾಳಿಯಲ್ಲಿ ಆಡಿಸಿ ನೋಡುತ್ತಿದ್ದಳು. ಆಮೇಲೆ ಹಬ್ಬದ ದಿನ ಬಾಗಿಲ ಮುಂದೆ ಮಾಡುವಂತೆ ಚುಕ್ಕಿಗಳನ್ನು ಸೇರಿಸಿ ಗೆರೆ ಎಳೆದಳು. ಕಪ್ಪು ಮಣ್ಣಿನ ಮೇಲೆ ಬಿಳಿಯ ಕೊಕ್ಕೆ ಮೂಡಿತು. ಸುತ್ತಿನ ಅಕ್ಷರದ ನಡುವೆ ಅವಳ ಕೈ ನಿಂತುಹೋಯಿತು. ಹೇಗೆ ಬಾಗುತ್ತದೆ ಎಂದು ನೆನಪಾಗದೆ ಅಳುವ ಹಾಗಾದಳು. ಆಗ ಮೇಲಿನ ಕಿಟಕಿ ತೆರೆದ ಸದ್ದಾಯಿತು.

“ಮೋ ಸುಕೋಶಿ ಹಿದಾರಿ,” ಎಂದಿತು ನಡುಗುವ ದನಿ.

“ಇನ್ನೂ ಸ್ವಲ್ಪ ಎಡಕ್ಕೆ ಅಂತೆ ಅಮ್ಮಾ!”

ಅಮ್ಮ ತಲೆ ಎತ್ತಲಿಲ್ಲ. ಎಡಕ್ಕೆ ಸರಿದಳು. ಮೇಲಿನಿಂದ ನಿಶಿದೆ-ಸಾನ್, ಕೆಳಗೆ ಅಮ್ಮ, ನಡುವೆ ನಾನು ಮಾತು ದಾಟಿಸುತ್ತಾ, ಆ ಸುತ್ತು ಪೂರ್ತಿಯಾಗುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಆ ಗೆರೆಯ ಉದ್ದಕ್ಕೂ ಗೆಡ್ಡೆಗಳನ್ನು ಮೊಳಕೆ ಮೇಲಾಗಿ ಇಟ್ಟು ಮಣ್ಣು ಮುಚ್ಚಿದೆವು. ಕೆಲವು ಒಣಗಿ ಸುಕ್ಕಾಗಿದ್ದವು. ಬದುಕುತ್ತವೋ ಇಲ್ಲವೋ ಹೇಳುವ ಹಾಗಿರಲಿಲ್ಲ. ಮುಗಿದ ಮೇಲೆ ಅಮ್ಮ ಕಿಟಕಿಯ ಕಡೆ ನೋಡಿ ಎರಡೂ ಕೈ ಮುಗಿದಳು. ಕ್ಷಮೆ ಕೇಳಲು ತನಗೆ ಗೊತ್ತಿದ್ದ ಒಂದೇ ಮಾತನ್ನು, ಸುಮಿಮಾಸೆನ್, ಎಷ್ಟು ಸಲ ಹೇಳಿದಳೋ. ನಿಶಿದೆ-ಸಾನ್ ಅಲ್ಲಿಂದಲೇ ಹೇಳಿದರು, ವಸಂತಕ್ಕೆ ಒಟ್ಟಿಗೆ ನೋಡೋಣ ಎಂದು.

ಆ ಚಳಿಗಾಲ ಹಿಮ ವಿಪರೀತ ಬಿತ್ತು. ಹಿತ್ತಿಲು ಗಾಜಿನ ಬಾಗಿಲಿನ ಅರ್ಧದವರೆಗೆ ಬೆಳ್ಳಗೆ ತುಂಬಿಕೊಂಡಿತು. ದಾರಿಯ ಹಿಮ ಸರಿಸಲು ಹೋಗಿ ನಿಶಿದೆ-ಸಾನ್ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಆಸ್ಪತ್ರೆಯಿಂದ ವೃದ್ಧರ ಆರೈಕೆ ಮನೆಗೆ ಕರೆದುಕೊಂಡು ಹೋದರು. ಸೋಂಕಿನ ಭಯಕ್ಕೆ ಅಲ್ಲಿ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ, ಹೆತ್ತ ಮಗನನ್ನೂ. ಎದುರಿನ ಕಿಟಕಿ ಕತ್ತಲಾಯಿತು. ಆ ತಿಂಗಳುಗಳಲ್ಲಿ ನನಗಾದ ಭಯ ಈಗಲೂ ಮೈಯಲ್ಲಿದೆ. ಮಲಗಿದರೆ ಗೋಡೆಯಾಚೆ, ಹಿಮದ ಕೆಳಗೆ, ನನಗಿಂತ ಒಂದು ವರ್ಷ ಚಿಕ್ಕವಳೊಬ್ಬಳು ಕಣ್ಣು ಬಿಟ್ಟುಕೊಂಡೇ ಮಲಗಿದ್ದಾಳೆ. ನಾವೇ ಅವಳನ್ನು ಕಿತ್ತೆವು, ನಾವೇ ಮತ್ತೆ ಹೂತೆವು. ಅಮ್ಮ ಅಡುಗೆ ಮಾಡುತ್ತಾ ಹಿತ್ತಿಲ ಕಡೆ ತಿರುಗಿ, ‘ಚಳಿ ಆಗ್ತಿದ್ಯೇನೇ’ ಎಂದು ಮೆಲ್ಲಗೆ ಕೇಳುವುದನ್ನು ನಾನು ಕೇಳಿದ್ದೇನೆ. ನನ್ನನ್ನಲ್ಲ ಕೇಳಿದ್ದು. ಅಪ್ಪ ಇದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಅವನ ಪ್ರಕಾರ ನಾವು ಮೂವರೇ. ಅಮ್ಮನಿಗೆ ಒಂದೇ ಚಿಂತೆ. ಗೆಡ್ಡೆ ಕೊಳೆತರೆ ಆ ತಾಯಿಗೆ ಏನೆಂದು ಹೇಳುವುದು, ಬದುಕಿದರೂ ಅವರು ನೋಡುವುದು ಹೇಗೆ.

ಹಿಮ ಕರಗಿದಾಗ ಹುಲ್ಲಿನಂಥ ಎಲೆಗಳು ಕಂಡವು. ಆಮೇಲೆ ಹೂವು. ಅಲ್ಲಲ್ಲಿ ಬಿಟ್ಟುಹೋಗಿತ್ತು, ಆದರೂ ಅಕ್ಷರ ಅಕ್ಷರವೇ ಆಗಿತ್ತು. ಅಮ್ಮ ಅಪ್ಪನನ್ನು ಪೀಡಿಸಿ ನಿಶಿದೆ-ಸಾನ್ ಅವರ ಮಗನಿಗೆ ಸುದ್ದಿ ಮುಟ್ಟಿಸಿದಳು. ಓಸಾಕಾದಲ್ಲಿದ್ದ ಆತ ಒಂದು ಭಾನುವಾರ ಬಂದರು. ತಲೆ ಅರ್ಧ ನರೆತ, ಮೆಲುದನಿಯ ಮನುಷ್ಯ. ಬೇರೆ ಊರಿನ ನಂಬರಿನ ಕಾರು ಕಂಡರೆ ಅಕ್ಕಪಕ್ಕದವರು ಗುಸುಗುಸು ಎನ್ನುವ ಕಾಲ ಅದು. ಕಾರನ್ನು ನಮ್ಮ ಮನೆಯ ಮರೆಗೆ ನಿಲ್ಲಿಸಿದರು. ನನ್ನನ್ನು ಕರೆದುಕೊಂಡು ತಾಯಿಯ ಮನೆಯ ಮಹಡಿ ಹತ್ತಿ, ಕಿಟಕಿ ತೆಗೆದು, ಆರೈಕೆ ಮನೆಗೆ ವಿಡಿಯೋ ಕರೆ ಮಾಡಿ ಫೋನನ್ನು ಕೆಳಗೆ ತಿರುಗಿಸಿದರು. ಅಮ್ಮ ಕೆಳಗೆ ಹೂಗಳ ಪಕ್ಕ ಒಗೆಯಲು ಹಾಕಿದ ಬಟ್ಟೆಯಂತೆ ಮುದುಡಿ ನಿಂತಿದ್ದಳು. ಪರದೆಯ ಮೇಲೆ ನಿಶಿದೆ-ಸಾನ್ ಅವರ ಮುಖ ತುಂಬ ಚಿಕ್ಕದಾಗಿತ್ತು. ಬಹಳ ಹೊತ್ತು ನೋಡಿದರು.

“ಶಿನೋ,” ಎಂದರು. “ಈ ಸಲವೂ ಬಂದೆಯಾ.”

ದಾದಿ ಅವರ ಕಣ್ಣೊರೆಸಿ ಕರೆ ಮುಗಿಸಿದಳು. ನಾನು ಕಿಟಕಿಯಿಂದಲೇ ಕೂಗಿ ಹೇಳಿದೆ, ನೋಡಿದರು ಅಮ್ಮಾ, ಓದಿದರು ಎಂದು. ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ಮಗ ಕೆಳಗಿಳಿದು ನಮ್ಮ ಹಿತ್ತಿಲಿಗೆ ಬಂದು ಸೊಟ್ಟ ಸುತ್ತಿನ ಅಕ್ಷರದ ಪಕ್ಕ ಕೂತರು. ಒಂದು ಹೂವನ್ನು ಬೆರಳಿನಿಂದ ಮುಟ್ಟಿದರು. ಆಮೇಲೆ ನನ್ನ ಕಡೆ ತಿರುಗಿ, ನಾನು ಹೇಳುವುದನ್ನು ನಿನ್ನ ತಾಯಿಗೆ ಹೇಳುತ್ತೀಯಾ ಎಂದರು. ಅವರು ಒಂದೊಂದೇ ವಾಕ್ಯ ಹೇಳುತ್ತಾ ಹೋದರು. ನಾನು ಒಂದೊಂದನ್ನೇ ಕನ್ನಡಕ್ಕೆ ತಂದೆ.

“ಇದನ್ನು ನೆಟ್ಟದ್ದು ಶಿನೋ ಅಲ್ಲ. ನಾನು.”

“ಶಾಲೆಯಲ್ಲಿ ಅವಳಿಗೆ ಕೊಟ್ಟಿದ್ದ ಗೆಡ್ಡೆಗಳ ಪೊಟ್ಟಣ, ಅವಳು ಹೋದ ಮೇಲೆ ಅವಳ ಚೀಲದಲ್ಲಿ ಸಿಕ್ಕಿತು. ಅಮ್ಮ ನೋಡಿದರೆ ಅಳುತ್ತಾಳೆಂದು ಯಾರಿಗೂ ಕಾಣದ ಹಾಗೆ ಹೂತಿಟ್ಟೆ. ಆಗ ನನಗೆ ಒಂಬತ್ತು ವರ್ಷ.”

“ಹೆಸರು ಯಾಕೆ ಬರೆದ್ರಂತೆ ಕೇಳು,” ಎಂದಳು ಅಮ್ಮ.

“ಶಾಲೆಯಲ್ಲಿ ಎಲ್ಲ ವಸ್ತುವಿನ ಮೇಲೂ ಹೆಸರು ಬರೆಯಬೇಕು ಎನ್ನುತ್ತಿದ್ದರು. ಗೆಡ್ಡೆಗಳು ಅವಳವು. ಅದಕ್ಕೆ ಅವಳು ಬರೆಯುವ ಹಾಗೆಯೇ ಸೊಟ್ಟಗೆ ಬರೆದೆ.”

ನನ್ನ ಪೆನ್ಸಿಲ್, ರಬ್ಬರ್, ಕಾಲುಚೀಲದ ಮೇಲೂ ನನ್ನ ಹೆಸರಿತ್ತು. ನನಗೆ ಅದು ತಕ್ಷಣ ಅರ್ಥವಾಯಿತು. ವಸಂತದಲ್ಲಿ ತಾಯಿ ಹೂಗಳನ್ನು ಕಂಡು, ಮಗಳೇ ನೆಟ್ಟು ಹೋಗಿದ್ದಾಳೆಂದು ಹಲವು ತಿಂಗಳ ಮೇಲೆ ಮೊದಲ ಸಲ ಬಾಯಿ ಬಿಟ್ಟು ಮಾತಾಡಿದರಂತೆ. ಆ ಹುಡುಗ ಸುಮ್ಮನಾದ. ಸುಮ್ಮನೇ ಇದ್ದುಕೊಂಡು ನರೆತ ತಲೆಯವನಾದ. ಈಗ ತಾಯಿಗೆ ಹೆಚ್ಚು ದಿನ ಉಳಿದಿಲ್ಲ. ಹೇಳಿಬಿಡಬೇಕೇ ಎಂದು ಆತ ಕೇಳಿದ್ದು ನನ್ನ ಅಮ್ಮನನ್ನು.

ಅಮ್ಮ ಕ್ಷಣವೂ ಯೋಚಿಸಲಿಲ್ಲ.

“ಬೇಡ ಅನ್ನು. ಅವರ ಪಾಲಿಗೆ ಮಗಳೇ ಬರ್ದಿದ್ದು, ಹಾಗೇ ಇರ್ಲಿ ಅನ್ನು. ಈ ಮಾತು ಇನ್ನು ನನ್ನ ಹತ್ರಾನೂ ಇರುತ್ತೆ. ನಾನೂ ಈ ಮನೆಯವಳೇ ಅಲ್ವಾ, ಯಾರಿಗೂ ಹೇಳಲ್ಲ ಅಂತ ಹೇಳು.”

ನಾನು ಹೇಳಿದೆ. ಆತ ಎದ್ದು ನಿಂತು, ಅಮ್ಮನ ಮುಂದೆ ಬಹಳ ಕೆಳಗೆ ಬಾಗಿದರು. ಬಾಗಿಕೊಂಡೇ ಒಂದು ಮಾತು ಹೇಳಿದರು. “ಇಷ್ಟು ವರ್ಷ ಈ ಊರಿನ ಯಾರಿಗೂ ಹೇಳಲು ಆಗಲಿಲ್ಲ. ನೀವು ಹೊರಗಿನವರು, ಒಂದಲ್ಲ ಒಂದು ದಿನ ಹೊರಟುಹೋಗುವವರು. ಅದಕ್ಕೇ ನಿಮಗೆ ಹೇಳಲು ಸಾಧ್ಯವಾಯಿತು.”

ಅವರಲ್ಲಿ ಕಹಿಯಿರಲಿಲ್ಲ, ಕೃತಜ್ಞತೆಯೇ ಇತ್ತು. ಬೆಳಿಗ್ಗೆ ಹೂಗಳ ಸುತ್ತ ಕಳೆ ಕಿತ್ತಿದ್ದ ಅಮ್ಮನ ಉಗುರುಗಳ ಸಂದಿಯಲ್ಲಿ ಇನ್ನೂ ಆ ಹಿತ್ತಿಲಿನ ಮಣ್ಣಿತ್ತು.

“ಏನಂದ್ರು?” ಎಂದಳು ಅವಳು, ಮುಖವೆಲ್ಲ ಬೆಳಗಿಸಿಕೊಂಡು.

“ಥ್ಯಾಂಕ್ಸ್ ಅಂದ್ರು,” ಎಂದೆ.

ಅಮ್ಮ ಆತನಿಗೆ ತಿರುಗಿ ಬಾಗಿದಳು, ಆ ಊರಿನವರು ಬಾಗುವಷ್ಟೇ.